ನೂರಾ ಇಪ್ಪತ್ತು, ಎಂಬತ್ತು

"ನೂರಾ ಇಪ್ಪತ್ತು, ಎಂಬತ್ತು," ಎಂದಳು ಕೌಸರ.

ಬಿ.ಪಿ. ಮಶೀನಿನ ಮುಳ್ಳು ಇನ್ನೂ ನೂರಾ ಎಂಬತ್ತರ ಹತ್ತಿರ ನಡುಗುತ್ತ ನಿಂತಿತ್ತು. ರಬ್ಬರಿನ ಬುರುಡೆಯ ಪಕ್ಕದ ತಿರುಪು ಸಡಿಲಿಸಿ ಗಾಳಿ ಬಿಟ್ಟರೆ ಮಾತ್ರ ಅದು ಕೆಳಗಿಳಿಯಬೇಕು. ಆ ತಿರುಪನ್ನು ಅವಳು ಮುಟ್ಟಿಯೇ ಇರಲಿಲ್ಲ.

"ಭೇಷ್!" ಎಂದರು ಪ್ರಾಣೇಶರು. ತೋಳಿಗೆ ಪಟ್ಟಿ ಸುತ್ತಿಸಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದವರು ಅವರೇ. "ಇಡೀ ಜನ್ಮ ಸಾಲಿ ಮಾಸ್ತರಕಿ ಮಾಡಿ ಬೆಳೆಸಿದ್ದ ಬಿ.ಪಿ. ಒಂದು ಮುಂಜಾನ್ಯಾಗ ಇಳಿಸಿಬಿಟ್ಟಿ ನೋಡು ತಂಗಿ. ಆರತಿ, ನಾಳಿಂದ ಗುಳಿಗಿ ಬಂದ್ ಮಾಡೂಣೇನು?"

"ಮಾಮಾ, ಒಂಚೂರು ಸುಮ್ಮನ ಕೂಡ್ರಿ."

ಆರತಿ ಮಾವನ ತೋಳು ನೋಡಿದಳು. ಪಟ್ಟಿಯನ್ನು ಅಂಗಿಯ ತೋಳಿನ ಮೇಲೆಯೇ, ಸಡಿಲಾಗಿ, ಮಡಚಿದ ವಸ್ತ್ರ ಇಟ್ಟ ಹಾಗೆ ಸುತ್ತಿದ್ದಳು ಹುಡುಗಿ. ಸ್ಟೆತೊಸ್ಕೋಪಿನ ತಟ್ಟೆಯೂ ಬಟ್ಟೆಯ ಮೇಲೆಯೇ. ಅದನ್ನು ಎರಡು ಬೆರಳ ತುದಿಯಿಂದ ಅಂಚಿಗಷ್ಟೇ ಹಿಡಿದಿದ್ದಳು, ಒಲೆಯ ಮೇಲಿನ ಪಾತ್ರೆಯನ್ನು ಹಿಡಿಯುವವರ ಹಾಗೆ.

"ಏನ ಕೇಳಿಸ್ತು?" ಆರತಿ ಕೇಳಿದಳು.

ಕೌಸರ ತಲೆ ತಗ್ಗಿಸಿದಳು. ಕಿವಿಯಿಂದ ನಳಿಗೆ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಹೋದ ಸಲ ಪರೀಕ್ಷಾದಾಗ ಹೊರಗಿಂದ ಬಂದಿದ್ದ ಸರೂ ಇದನ್ನ ಕೇಳಿದ್ರಿ," ಎಂದಳು. "ನೂರಾ ಇಪ್ಪತ್ತ ಕೇಳಿಸ್ತ್ರಿ ಸರ್ ಅಂದೆ. ನಗತಾರಂತ ತಿಳಕೊಂಡೆ. ನಗಲಿಲ್ರಿ. ಫೇಲ್ ಮಾಡಿದ್ರು."

ಪ್ರಾಣೇಶರು ನಗು ತಡೆಯಲು ಕೆಮ್ಮಿದರು. ಆರತಿ ನಗಲಿಲ್ಲ. ಅವಳು ನಕ್ಕು ಬಹಳ ದಿನಗಳಾಗಿದ್ದವು.

ಕೌಸರ ಗಜೇಂದ್ರಗಡದವಳು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಬಯೊಮೆಡಿಕಲ್ ಇಂಜಿನಿಯರಿಂಗ್ ಓದುತ್ತಿದ್ದಳು. ಅವಳ ತಂದೆ ಜಂಗ್ಲಿಸಾಬ ಹಳೆಯ ಗಾದಿಗಳ ಅರಳೆ ಬಿಡಿಸಿ ಹೊಸದಾಗಿ ತುಂಬಿ ಹೊಲಿದುಕೊಡುತ್ತ ರೋಣ, ನರಗುಂದದ ಕಡೆಯ ಊರುಗಳನ್ನೆಲ್ಲ ತಿರುಗುವವನು. ದೀಪಾವಳಿಯ ನಂತರ ಆರತಿಯ ಅತ್ತೆ ಸರಸ್ವತಿಬಾಯಿ ಅವನನ್ನು ಕರೆಸಿ, ಮಗ ಸೊಸೆಯ ಕೋಣೆಯಲ್ಲಿದ್ದ ಜೋಡಿ ಗಾದಿಯನ್ನು ಬಿಚ್ಚಿ ಎರಡು ಒಂಟಿ ಗಾದಿ ಮಾಡಲು ಹೇಳಿದ್ದರು. ಹೇಳುವ ಮೊದಲು ಸೊಸೆಯನ್ನು ಕೇಳಿದ್ದರು. "ಆಗಲಿ," ಎಂದಿದ್ದಳು ಆರತಿ. ಗಂಡ ವೇದವ್ಯಾಸ ತೀರಿಕೊಂಡ ಮೇಲೆ ಅವಳು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದಳು. ಹುಬ್ಬಳ್ಳಿಯ ನೌಕರಿ ಬಿಟ್ಟು ರೋಣಕ್ಕೆ ಬಂದಿರು ಎಂದಾಗಲೂ, ಅವನ ಬಟ್ಟೆ ಯಾರಿಗಾದರೂ ಕೊಡೋಣವೇ ಎಂದಾಗಲೂ.

ಅಂಗಳದಲ್ಲಿ ಅರಳೆ ಹಾರುತ್ತಿತ್ತು. ಜಂಗ್ಲಿಸಾಬ ಮೂಗಿಗೆ ವಸ್ತ್ರ ಕಟ್ಟಿಕೊಂಡೇ ಕೇಳಿದ್ದ: "ಬಾಯಾರ, ನಿಮ್ಮ ಸೊಸಿ ಕಾಲೇಜಿನ್ಯಾಗ ಕಲಸ್ತಿದ್ರಂತಲ್ರಿ? ನಮ್ಮ ಹುಡುಗಿ ದವಾಖಾನಿ ಮಶೀನ ಮಾಡೂದು ಕಲ್ಯಾಕತ್ತಾಳ್ರಿ. ಎಲ್ಲಾದ್ರಾಗೂ ಶಾಣ್ಯಾ ಅದಾಳ. ಒಂದರಾಗ ಸಿಕ್ಕೊಂಡಾಳ. ಮನಷ್ಯಾರ ಮೈ ಒಳಗ ಹ್ಯಾಂಗ ನಡೀತೈತಿ ಅನ್ನೂ ಪಾಠಂತ. ಎರಡ ಸಲ ಫೇಲ್ ಆತ್ರಿ."

ಅದೇ ಪಾಠವನ್ನೇ ಆರತಿ ಕಲಿಸುತ್ತಿದ್ದದ್ದು. ಧಾರವಾಡದಲ್ಲಿ ಶರೀರಕ್ರಿಯಾಶಾಸ್ತ್ರ ಓದಿ, ಹುಬ್ಬಳ್ಳಿಯ ಬೇರೊಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಹುಡುಗರಿಗೆ ಹೃದಯ, ಶ್ವಾಸಕೋಶ, ನರಗಳ ಕೆಲಸ ಹೇಳಿಕೊಡುವ ನೌಕರಿ. ಜಂಗ್ಲಿಸಾಬನಿಗೂ ಅವಳು ಆಗಲಿ ಎಂದಳು.

ಮೂರನೆಯ ಸಲವೂ ಆಗದಿದ್ದರೆ ಕೌಸರ ಮುಂದಿನ ವರ್ಷಕ್ಕೆ ಹೋಗುವಂತಿರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತರೆ ಮತ್ತೆ ಕಾಲೇಜಿನ ಮೆಟ್ಟಿಲು ಹತ್ತುವ ಮಾತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಇಟಗಿಯಲ್ಲಿದ್ದ ಅತ್ತೆ ಮುಮತಾಜಬಿ ಆಗಲೇ ಒಂದು ಸಂಬಂಧ ನೋಡಿಟ್ಟು, "ಹುಡುಗಿ ಖಾಲಿ ಆದ್ಳೇನು?" ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು.

ಪಾಠವೇನೂ ಕಷ್ಟವಾಗಲಿಲ್ಲ. ಹುಡುಗಿ ನಿಜಕ್ಕೂ ಶಾಣ್ಯಾ ಇದ್ದಳು. ಆರತಿ ಪಡಸಾಲೆಯ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಹೃದಯ ಬರೆದರೆ ಅವಳು ಪಂಪು ಎಲ್ಲಿ, ಕವಾಟ ಎಲ್ಲಿ ಎಂದು ಕೇಳುತ್ತಿರಲಿಲ್ಲ. ಅದು ಅವಳಿಗೆ ಬರುತ್ತಿತ್ತು. ಬೇರೆಯದನ್ನೇ ಕೇಳುತ್ತಿದ್ದಳು.

"ಮೇಡಮ್ರಿ, ಪ್ರೆಶರ್ ಕಡಿಮಿ ಆತು ಅಂತ ಹೃದಯಕ್ಕ ಗೊತ್ತಾಗೂದ ಹ್ಯಾಂಗ್ರಿ? ಸೆನ್ಸರ್ ಎಲ್ಲೈತಿ?"

"ಕುತ್ತಿಗ್ಯಾಗ ಅದ. ನಾಡಿ ಬಡೀತದಲ್ಲ, ಅಲ್ಲೇ ರಕ್ತನಾಳದ ಗ್ವಾಡಿಯೊಳಗ. ನೀ ಒಮ್ಮೆಲೇ ಎದ್ದು ನಿಂತ್ರ ರಕ್ತ ಕಾಲಿಗೆ ಇಳೀತದ. ಸೆನ್ಸರಿಗೆ ತಿಳೀತದ, ಮಿದುಳಿಗೆ ಹೇಳ್ತದ, ಮಿದುಳು ಹೃದಯಕ್ಕ ಜೋರ್ ಹೊಡಿ ಅಂತದ."

ಕೌಸರ ಥಟ್ಟನೆ ಎದ್ದು ನಿಂತು ಕುತ್ತಿಗೆಗೆ ಬೆರಳಿಟ್ಟುಕೊಂಡಳು. ಕಣ್ಣು ಅರಳಿದವು. "ಖರೇನ ಜೋರ ಆತ್ರಿ!"

"ಮತ್ತ ಪುಸ್ತಕದಾಗ ಸುಳ್ಳು ಬರೀತಾರೇನು?" ಒಳಗಿನಿಂದ ಸರಸ್ವತಿಬಾಯಿಯ ದನಿ ಬಂತು. ಅವರು ಮಧ್ಯಾಹ್ನದ ನೈವೇದ್ಯ ಆಗುವವರೆಗೆ ಮಡಿಯಲ್ಲಿರುತ್ತಿದ್ದರು. ಯಾರೂ ಮುಟ್ಟುವಂತಿಲ್ಲ. ಅಡುಗೆಮನೆಯ ಹೊಸ್ತಿಲ ಆಚೆ ಕೂತು, ಕಾಯಿಪಲ್ಲೆ ಹೆಚ್ಚುತ್ತ, ಪಾಠವನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ತೊಂದರೆ ಇದ್ದದ್ದು ಕೈಕೆಲಸದಲ್ಲಿ. ಈ ಸಲದ ಬರೆಯುವ ಪರೀಕ್ಷೆ ಮುಗಿದಿತ್ತು, ಚೆನ್ನಾಗಿಯೇ ಬರೆದಿದ್ದಳು. ಉಳಿದದ್ದು ಪ್ರಾಕ್ಟಿಕಲ್. ಬಿ.ಪಿ. ನೋಡುವುದಕ್ಕೇ ಅದರಲ್ಲಿ ಹೆಚ್ಚು ಅಂಕ. ಅದಕ್ಕಾಗಿಯೇ ಆರತಿ ಈ ದಿನ ಪೆಟ್ಟಿಗೆಯಿಂದ ತನ್ನ ಹಳೆಯ ಮಶೀನು ಹೊರತೆಗೆದದ್ದು.

"ಲ್ಯಾಬಿನ್ಯಾಗ ಯಾರ ಕೈ ನೋಡ್ತಿದ್ದಿ?" ಎಂದು ಕೇಳಿದಳು.

"ಯಾರದೂ ನೋಡಿಲ್ರಿ." ಕೌಸರ ಓಢಣಿಯ ಅಂಚು ಬೆರಳಿಗೆ ಸುತ್ತಿಕೊಂಡಳು. "ನಮ್ಮ ಬ್ಯಾಚಿನ್ಯಾಗ ಹುಡುಗ್ಯಾರು ಇಬ್ಬರ ಇದ್ವಿರಿ. ಇನ್ನೊಬ್ಬಾಕಿ ಬಿಟ್ಟ ಹೋದ್ಲು. ಮಶೀನ ಒಂದ ಐತಿ. ಹುಡುಗೂರು ಒಬ್ಬರದೊಬ್ಬರು ಕಟ್ಟತಾರ, ನೂರಾ ಇಪ್ಪತ್ತು ಎಂಬತ್ತು ಅಂತ ಒದರತಾರ. ನಾ ದೂರ ನಿಂತ ಬರಕೋತಿದ್ದೆ. ಹುಡುಗೂರ ಕೈ ಹ್ಯಾಂಗ ಹಿಡೀಲ್ರಿ? ಸರೂ ಏನೂ ಅನ್ನತಿರಲಿಲ್ಲ. ಬಿಡ ಬಿಡವಾ, ಬರಕೋ ಅಂತಿದ್ರು."

ಪ್ರಾಣೇಶರಿಗೆ ಆಗ ತಿಳಿಯಿತು. ತಾವೇ ಪಟ್ಟಿ ಬಿಚ್ಚಿಕೊಂಡರು. "ಹಂಗಿದ್ರ ಈ ಮುದುಕನ ಕೈ ಬ್ಯಾಡ," ಎಂದು ಎದ್ದು, ಚಪ್ಪಲಿ ಮೆಟ್ಟಿ, ಪೇಪರು ಓದಲು ಓಣಿಯ ಕಟ್ಟೆಗೆ ಹೋದರು.

ಪಡಸಾಲೆಯಲ್ಲಿ ಇಬ್ಬರೇ ಉಳಿದರು. ಕೌಸರ ಅಡುಗೆಮನೆಯ ಕಡೆ ನೋಡಿದಳು.

"ನನ್ನ ಕಡೆ ನೋಡಬ್ಯಾಡ," ಎಂದರು ಸರಸ್ವತಿಬಾಯಿ. "ಮಡೀಲಿದ್ದೀನಿ."

ಉಳಿದದ್ದು ಆರತಿಯ ಕೈ. ಕಲಿಸುವಾಗ ಅವಳು ಎಷ್ಟೋ ಹುಡುಗಿಯರಿಗೆ ಕೈ ಕೊಟ್ಟಿದ್ದಳು. ಈಗ ಒಂದು ಕ್ಷಣ ಹಿಂದೆಮುಂದೆ ನೋಡಿದಳು. ಯಾಕೆಂದು ಅವಳಿಗೂ ಗೊತ್ತಾಗಲಿಲ್ಲ. ಆಮೇಲೆ ಕುಪ್ಪಸದ ತೋಳು ಮೇಲೆ ಸರಿಸಿ, ಚಾಪೆಯ ಮೇಲೆ ಕೂತು, ಕೈ ಚಾಚಿದಳು.

"ಮೊದಲ ನಾಡಿ ಹುಡುಕು. ಮೊಣಕೈ ಮಡಚೂ ಕಡೆ, ಒಳಮಗ್ಗಲಿಗೆ. ಒತ್ತಿ ಹಿಡಿ, ಅಂಜಬ್ಯಾಡ."

ಕೌಸರಳ ಬೆರಳು ಬೆಚ್ಚಗಿದ್ದವು. ಅವು ಚರ್ಮದ ಮೇಲೆ ತಡವರಿಸಿದವು, ನಿಂತವು, ಮತ್ತೆ ಸರಿದವು. ಆರತಿಗೆ ಅನ್ನಿಸಿತು: ತನ್ನನ್ನು ಯಾರಾದರೂ ಹೀಗೆ ಮುಟ್ಟಿ ಬಹಳ ಕಾಲವಾಯಿತು. ಸಾವಿನ ಮನೆಗೆ ಬಂದವರು ಮೊದಮೊದಲು ತಬ್ಬಿಕೊಂಡಿದ್ದರು. ಆಮೇಲೆ ಎಲ್ಲರೂ ಒಂದು ಮಾರು ದೂರದಿಂದಲೇ ಮರುಗಿದರು.

"ಸಿಕ್ತ್ರಿ," ಎಂದಳು ಹುಡುಗಿ ಪಿಸುಗುಟ್ಟುತ್ತ.

"ಪಟ್ಟಿ ಬಿಗಿಯಾಗಿ ಕಟ್ಟು, ಅಲ್ಲೇ ಸ್ಟೆತೊಸ್ಕೋಪಿನ ತಟ್ಟಿ ಇಡು. ಈಗ ಗಾಳಿ ಹೊಡಿ. ಮುಳ್ಳು ಮ್ಯಾಲೆ ಹೋದ್ಮ್ಯಾಲೆ ತಿರುಪು ಸಣ್ಣಗ ಸಡಿಲ ಮಾಡು. ಏನೂ ಕೇಳಿಸೂದಿಲ್ಲ ಮೊದಲ. ಕಾಯಬೇಕು."

"ಯಾಕ ಕೇಳಿಸೂದಿಲ್ರಿ?"

"ಪಟ್ಟಿ ಪೂರಾ ಬಿಗಿದಾಗ ರಕ್ತ ನಿಂತಿರ್ತದ. ನಿಂತ ರಕ್ತಕ್ಕ ಸಪ್ಪಳಿಲ್ಲ. ಪಟ್ಟಿ ಪೂರಾ ಬಿಚ್ಚಿದ್ರ ಅದರ ಪಾಡಿಗೆ ಹರೀತದ, ಆಗೂ ಸಪ್ಪಳಿಲ್ಲ. ಅಡ್ಡಿ ಇದ್ದಾಗ, ಅದನ್ನ ದಬ್ಬಿ ದಾಟಿ ಬರ್ತದಲ್ಲ, ಆಗಷ್ಟ ಸಪ್ಪಳ. ಮೊದಲನೇ ಸಪ್ಪಳ ಮ್ಯಾಲಿನ ಅಂಕಿ. ಸಪ್ಪಳ ಮುಗಿದಲ್ಲಿ ಕೆಳಗಿನದು."

ಇದನ್ನು ಅವಳು ಎಷ್ಟು ವರ್ಷ ಎಷ್ಟು ತರಗತಿಗೆ ಹೇಳಿದ್ದಳೋ. ಇಂದು ಹೇಳಿ ಮುಗಿಸಿದ ಮೇಲೆ ತನ್ನ ತೋಳಿಗೆ ಬಿಗಿದ ಪಟ್ಟಿಯನ್ನೇ ನೋಡಿದಳು.

ಮುಳ್ಳು ಇಳಿಯತೊಡಗಿತು. ನೂರಾ ಇಪ್ಪತ್ತು ಬಂತು. ಕೌಸರ ಬಾಯಿ ತೆರೆದಳು, ಅಭ್ಯಾಸಬಲ. ಆರತಿ ತಲೆ ಅಲ್ಲಾಡಿಸಿದಳು. ಮುಳ್ಳು ನೂರಾ ಹತ್ತು ದಾಟಿತು, ನೂರು ದಾಟಿತು. ಹುಡುಗಿಯ ಹುಬ್ಬು ಗಂಟಿಕ್ಕಿತು. ಇದ್ದಕ್ಕಿದ್ದಂತೆ ಅವಳ ಮುಖವೆಲ್ಲ ಬಿಚ್ಚಿಕೊಂಡಿತು.

"ಬಂತ್ರಿ! ಟಪ್ ಟಪ್ ಟಪ್ ಅನ್ನಾಕತ್ತೈತಿ! ಮೇಡಮ್ರಿ, ಇದು ನೀವೇನ್ರಿ?"

"ನಾನs."

ಸಪ್ಪಳ ನಿಲ್ಲುವವರೆಗೆ ಕೇಳಿದಳು. ಆಮೇಲೆ ಮುಖ ಸಪ್ಪಗಾಯಿತು. "ತೊಂಬತ್ತಾರು, ಅರವತ್ತೆರಡು. ತಪ್ಪ ಆಗಿರಬೇಕ್ರಿ. ನಾರ್ಮಲ್ ಇಷ್ಟ ಎಲ್ಲಿರತೈತಿ?"

"ನಾರ್ಮಲ್ ಪುಸ್ತಕದ್ದು. ಈ ಕೈ ನಂದು. ಕೇಳಿದ್ದು ಹೇಳು."

ಅಡುಗೆಮನೆಯಲ್ಲಿ ಈಳಿಗೆಯ ಸದ್ದು ನಿಂತಿತು. "ಎಷ್ಟಂದಿ ಹುಡುಗಿ?" ಸರಸ್ವತಿಬಾಯಿ ಹೊಸ್ತಿಲಿಗೆ ಬಂದಿದ್ದರು. "ತೊಂಬತ್ತಾರು? ಅದರೊಳಗ ಇನ್ನೇನ ಇರ್ತದ ಮತ್ತ. ಒಂದು ತುತ್ತು ತಿಂತಾಳ, ಸಾಕು ಅಂತಾಳ. ನಾ ಹೇಳಿದ್ರ ಹಸಿವಿಲ್ಲ ಅಂತಾಳ. ಈಗ ನಿನ್ನ ಮಶೀನs ಹೇಳ್ತು." ಅವರ ದನಿ ಜಗಳದ್ದಾಗಿತ್ತು, ಕಣ್ಣು ಹಾಗಿರಲಿಲ್ಲ. ಅತ್ತೆ ತನ್ನ ತಾಟನ್ನು ದಿನಾಲೂ ನೋಡುತ್ತಿದ್ದರೆಂಬುದು ಆರತಿಗೆ ಆಗಲೇ ಗೊತ್ತಾದದ್ದು.

ಮುಂದಿನ ಭಾನುವಾರ ಕೌಸರ ಬಂದಾಗ ಸರಸ್ವತಿಬಾಯಿ ಮಡಿ ಸೀರೆಯಲ್ಲೇ ಪಡಸಾಲೆಗೆ ಬಂದು ಕೂತರು. ಸೆರಗು ಸರಿಸಿ ತೋಳು ಮುಂದಿಟ್ಟರು.

"ಒಬ್ಬಾಕಿ ಕೈ ನೋಡಿದ್ರ ಪರೀಕ್ಷಾ ಪಾಸಾಗ್ತದೇನು? ನಂದೂ ನೋಡು."

"ಬಾಯಾರ, ಮಡಿ ಕೆಡತೈತ್ರಿ!"

"ಕೆಡ್ತದ. ಮತ್ತೆರಡು ತಂಬಿಗಿ ನೀರು ಹಾಕ್ಕೊಂಡ್ರ ಬರ್ತದ."

"ಭಾಳ ಚಳಿ ಐತ್ರಿ."

"ಚಳಿ ನನಗs, ನಿನಗೇನು? ಲಗೂನ ನೋಡು, ಸಾರು ಕುದೀಲಿಕ್ಕೆ ಹತ್ಯದ."

ಹೀಗೆ ಎರಡು ಕೈ ಆದವು. ಆಮೇಲೆ ಪಕ್ಕದ ಮನೆಯವರದು, ಹಾಲಿನವಳದು. ಪ್ರತಿಯೊಂದು ಬೇರೆ ಬೇರೆ ಅಂಕಿ. ಕೌಸರ ಒಂದೊಂದಕ್ಕೂ ಬೆರಗಾಗುತ್ತಿದ್ದಳು. ಹೆಂಗಸರ ಕೈಯಲ್ಲಿ ಅವಳ ಬೆರಳು ಈಗ ನೆಟ್ಟಗೆ ಹೋಗಿ ನಾಡಿಯ ಮೇಲೆ ಕೂರುತ್ತಿದ್ದವು. ಆದರೆ ಪರೀಕ್ಷೆಯ ದಿನ ಕೈ ಕೊಡಲು ಕಾಲೇಜಿನ ಸಿಪಾಯಿಯನ್ನೇ ಕೂರಿಸುತ್ತಾರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಆರತಿ ಆ ಮಾತು ತೆಗೆಯಲಿಲ್ಲ. ಅದು ಹೇಳಿಕೊಡುವ ಸಂಗತಿಯಲ್ಲ, ಹುಡುಗಿಯೇ ತೀರ್ಮಾನಿಸಬೇಕಾದದ್ದು.

ಕೊನೆಯ ಪಾಠದ ದಿನ ಕೌಸರ ತಾನಾಗಿಯೇ ಓಣಿಯ ಕಟ್ಟೆಗೆ ಹೋಗಿ ಪ್ರಾಣೇಶರನ್ನು ಕರೆತಂದಳು.

"ಅಜ್ಜಾರ, ತೋಳ ಏರಿಸ್ರಿ."

"ಏನವಾ, ಇವತ್ತು ಹುಕುಂ ಜೋರದ?"

"ಅಬ್ಬಾನ್ನ ಕೇಳಿದೆ ರೀ," ಎಂದಳು ಆರತಿಯ ಕಡೆ ನೋಡಿ. "ಗಂಡಸರ ಕೈ ಹಿಡದ ನೋಡಬೇಕಾಗತೈತಿ, ಏನ ಮಾಡ್ಲಿ ಅಂದೆ. ಅಬ್ಬಾ ಬಾಯಾಗ ಸೂಜಿ ಹಿಡಕೊಂಡಿದ್ದಾ. ತಗದಾ, ಅಂದಾ: ನಾ ಊರ ಮಂದಿಗೆಲ್ಲಾ ಗಾದಿ ಹೊಲೀತೇನಿ. ಯಾರ ಮಲಗವ್ರು ಅಂತ ಕೇಳಿ ಹೊಲೀತೇನೇನ? ನೀನೂ ಹಂಗ ನೋಡು. ಹಂಗ ಅಂದಾ, ಮತ್ತ ಸೂಜಿ ಬಾಯಾಗ ಇಟಗೊಂಡಾ."

ಪ್ರಾಣೇಶರದು ನೂರಾ ಐವತ್ತೆರಡು ಬಂತು. "ಗುಳಿಗಿ ಬಂದ್ ಮಾಡಬ್ಯಾಡ್ರಿ," ಎಂದಳು ಕೌಸರ. ಆರತಿಯ ತುಟಿ ಸ್ವಲ್ಪ ಸರಿಯಿತು. ಅದನ್ನು ನಗು ಎನ್ನಬಹುದಿತ್ತು.

ಹೊರಡುವಾಗ ಹುಡುಗಿ ಬಾಗಿಲಲ್ಲಿ ನಿಂತಳು. "ಮೇಡಮ್ರಿ, ಪರೀಕ್ಷಾಕ್ಕ ನೀವೂ ಬರ್ರಿ. ಹೊರಗ ಕುಂತ್ರ ಸಾಕು."

ರೋಣದಿಂದ ಹುಬ್ಬಳ್ಳಿಯ ಬಸ್ಸು ನರಗುಂದದ ಮೇಲೆ ಹೋಗುತ್ತದೆ. ನರಗುಂದ ದಾಟಿದ ಮೇಲಿನ ಆ ರಸ್ತೆಯಲ್ಲಿ ಆರತಿ, ಗಂಡನನ್ನು ಊರಿಗೆ ತಂದ ಆ ಸಂಜೆಯ ನಂತರ ಹೋಗಿರಲಿಲ್ಲ. ಅತ್ತೆ ಮಾವ ಇಬ್ಬರೂ ಅವಳ ಮುಖ ನೋಡಿದರು.

"ಆಗಲಿ," ಎಂದಳು ಆರತಿ.

ಪರೀಕ್ಷೆಯ ದಿನ ಕೌಸರ ಮೊದಲ ಬಸ್ಸಿಗೆ ಗಜೇಂದ್ರಗಡದಿಂದ ಬಂದಳು. ಸರಸ್ವತಿಬಾಯಿ ಇಬ್ಬರಿಗೂ ಬುತ್ತಿಗೆ ದಪಾಟಿ ರೊಟ್ಟಿ ಕಟ್ಟಿಕೊಟ್ಟರು. ದಾರಿಯಲ್ಲಿ ನೋಡಿ ಕಲಿಯಲೆಂದು ಹುಡುಗಿ ಮಶೀನನ್ನೂ ಚೀಲದಲ್ಲಿ ಹಾಕಿಕೊಂಡಿದ್ದಳು. ಬಸ್ಸಿನ ಕುಲುಕಾಟದಲ್ಲಿ ಅದು ಸಾಧ್ಯವಿಲ್ಲವೆಂದು ಗೊತ್ತಾದ ಮೇಲೆ, "ಬರೇ ನಾಡಿ ನೋಡತೇನ್ರಿ," ಎಂದು ಆರತಿಯ ಮಣಿಕಟ್ಟು ಹಿಡಿದು, ಕಣ್ಣುಮುಚ್ಚಿ, ತುಟಿಯಲ್ಲೇ ಉತ್ತರಗಳನ್ನು ಒಪ್ಪಿಸಿಕೊಳ್ಳತೊಡಗಿದಳು.

ನರಗುಂದದ ಗುಡ್ಡ ಕಂಡಿತು, ಹಿಂದಾಯಿತು. ಕಪ್ಪು ಹೊಲಗಳಲ್ಲಿ ಕಡಲೆ ಹಸಿರಾಗಿತ್ತು. ಹೆಂಗಸರು ಸಾಲು ಹಿಡಿದು ಕುಡಿ ಚಿವುಟುತ್ತಿದ್ದರು. ಆರತಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ತನಗೆ ಏನೂ ಆಗುವುದಿಲ್ಲ ಎಂದು ಗೊತ್ತಿತ್ತು. ಸುದ್ದಿ ಬಂದ ದಿನವೂ ಏನೂ ಆಗಿರಲಿಲ್ಲ. ನೀರು ಕುಡಿದು, ಸೀರೆ ಬದಲಿಸಿ, ಆಸ್ಪತ್ರೆಗೆ ಹೋಗಿದ್ದಳು. ಜುಮ್ಮು ಹಿಡಿದ ಕಾಲಿನ ಹಾಗೆ ಒಳಗೆಲ್ಲ ಮರಗಟ್ಟಿತ್ತು. ರಸ್ತೆ ತಿರುಗಿತು. ಒಂದು ಸಣ್ಣ ಸೇತುವೆ, ಅದರಾಚೆ ಒಂದು ಜಾಲಿಯ ಗಿಡ. ಗುರುತು ಹೇಳುವಂಥದ್ದು ಏನೂ ಅಲ್ಲಿರಲಿಲ್ಲ. ಯಾರೋ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದರು.

ಕೌಸರ ಕಣ್ಣು ತೆರೆದಳು.

"ಮೇಡಮ್ರಿ, ಇದು ಜೋರ ಆತಲ್ರಿ? ಎಷ್ಟ ಹೊಡ್ಯಾಕತ್ತೈತಿ! ನೀವು ಕುಂತs ಇದ್ರಿ, ಎದ್ದಿಲ್ಲ..."

ಆರತಿ ತನ್ನ ಮಣಿಕಟ್ಟನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಹುಡುಗಿಯ ಬೆರಳುಗಳ ಅಡಿಯಲ್ಲಿ ಅದು ಬಡಿದುಕೊಳ್ಳುತ್ತಿತ್ತು.

"ಇಲ್ಲೇ," ಎಂದಳು. "ಇಲ್ಲೇ ನಮ್ಮನಿಯವರ ಗಾಡಿಗೆ ಲಾರಿ ಹೊಡದದ್ದು."

ಕೌಸರ ಕೈ ಬಿಡಲಿಲ್ಲ. ಬಸ್ಸು ನವಲಗುಂದ ಮುಟ್ಟುವವರೆಗೆ ಹಾಗೆಯೇ ಹಿಡಿದು ಕೂತಿದ್ದಳು. ಆರತಿ ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ನವಲಗುಂದದಲ್ಲಿ ಹುಡುಗಿ ಡಬ್ಬಿ ಬಿಚ್ಚಿ ದಪಾಟಿ ಮುಂದೆ ಹಿಡಿದಾಗ ಪೂರ್ತಿ ಒಂದನ್ನು ತಿಂದಳು.

ಕಾಲೇಜಿನ ಲ್ಯಾಬು ನೆಲ ಅಂತಸ್ತಿನಲ್ಲಿತ್ತು. ಎದುರಿಗೆ ಬೇವಿನ ಮರ, ಅದರ ಸುತ್ತ ಕಟ್ಟೆ. ಆರತಿ ಅಲ್ಲಿ ಕೂತಳು. ಕಿಟಕಿಯಿಂದ ಒಳಗಿನದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಸ್ಟೂಲಿನ ಮೇಲೆ ಖಾಕಿ ಅಂಗಿಯ ವಯಸ್ಸಾದ ಸಿಪಾಯಿ ಒಂದು ತೋಳು ಏರಿಸಿಕೊಂಡು ಕೂತಿದ್ದ. ಹುಡುಗರು ಒಬ್ಬೊಬ್ಬರೇ ಬಂದರು. ಪಟ್ಟಿ ಕಟ್ಟಿದರು, ಪುಸ್ ಪುಸ್ ಎಂದು ಗಾಳಿ ಹೊಡೆದರು, ಬಾಯಿ ಆಡಿಸಿದರು, ಹೋದರು. ಒಬ್ಬೊಬ್ಬರದೂ ಒಂದು ನಿಮಿಷದ ಕೆಲಸ. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ತಲೆ ಎತ್ತದೆ ಅಂಕ ಬರೆಯುತ್ತಿದ್ದರು.

ಕೌಸರ ಬಂದಳು. ಸಿಪಾಯಿಯ ಎದುರು ಒಂದು ಗಳಿಗೆ ನಿಂತಳು. ಆರತಿ ಕಟ್ಟೆಯ ಕಲ್ಲನ್ನು ಬಿಗಿಯಾಗಿ ಹಿಡಿದಳು. ಆಮೇಲೆ ಹುಡುಗಿ ಬಾಗಿ ಆತನಿಗೆ ಏನೋ ಕೇಳಿದಳು, ಆತ ತಲೆ ಆಡಿಸಿದ, ಅವಳು ಆತನ ಕೈ ತೆಗೆದುಕೊಂಡು ಮೇಜಿನ ಮೇಲೆ ಅಂಗಾತ ಇಟ್ಟಳು. ಮೊಣಕೈಯ ಒಳಮಗ್ಗುಲಿಗೆ ಬೆರಳು ಒತ್ತಿದಳು. ಹುಡುಕಿದಳು. ಪಟ್ಟಿ ಕಟ್ಟಿದಳು.

ಮುಳ್ಳು ಆರತಿಗೆ ಕಾಣುತ್ತಿರಲಿಲ್ಲ. ಹುಡುಗಿಯ ಮುಖ ಕಾಣುತ್ತಿತ್ತು. ಸಪ್ಪಳ ಬಂದದ್ದು ಆ ಮುಖದಲ್ಲಿ ತಿಳಿಯಿತು. ಆದರೆ ಬರಬಾರದಷ್ಟು ಬೇಗ ಬಂದಿತ್ತು. ಕೌಸರ ಗಾಳಿಯನ್ನೆಲ್ಲ ಬಿಟ್ಟುಬಿಟ್ಟಳು. ಮತ್ತೆ ಗಾಳಿ ಹೊಡೆದಳು. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಹಿಂದೆ ನಿಂತ ಹುಡುಗರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಎರಡನೆಯ ಸಲವೂ ಮುಗಿಯಿತು. ಹುಡುಗಿ ಕಿಟಕಿಯ ಕಡೆ ನೋಡಲಿಲ್ಲ. ಯಾರ ಕಡೆಯೂ ನೋಡಲಿಲ್ಲ. ಬಾಯಿ ತೆರೆದು ಏನೋ ಹೇಳಿದಳು.

ಪರೀಕ್ಷಕರು ಮೊದಲ ಸಲ ತಲೆ ಎತ್ತಿದರು. ಪೆನ್ನು ಕೆಳಗಿಟ್ಟರು. ಎದ್ದು ಬಂದು, ಅವಳ ಕೈಯಿಂದ ಸ್ಟೆತೊಸ್ಕೋಪು ತೆಗೆದುಕೊಂಡು, ತಾವೇ ಸಿಪಾಯಿಯ ತೋಳಿನ ಮೇಲೆ ಬಾಗಿದರು.

ಸ್ವಲ್ಪ ಹೊತ್ತಿಗೆ ಸಿಪಾಯಿ ಹೊರಗೆ ಬಂದ. ಏರಿಸಿದ ತೋಳು ಹಾಗೆಯೇ ಇತ್ತು. ಬಂದವನೇ ಕಟ್ಟೆಯ ಮೇಲೆ ಕೂತುಬಿಟ್ಟ.

"ನೀವs ಏನ್ರಿ ಆ ಹುಡುಗಿ ಮೇಡಮ್ಮು?" ಎಂದ. "ನಾ ಶಿವನಪ್ಪ ಅಂತ್ರಿ. ಇಲ್ಲೇ ಸಿಪಾಯಿ. ನಂದು ನೂರಾ ಎಪ್ಪತ್ತೈತಿ ಅಂದ್ಲು ನೋಡ್ರಿ ಆಕಿ. ಕೆಳಗಿಂದು ನೂರಾ ನಾಕಂತ. ಆ ಸರೂ ನೋಡಿದ್ರು. ಹೌದು ಅಂದ್ರು. ನೀ ಮೊದಲ ನೆರಳಾಗ ಕೂಡ ಹೋಗು, ಇವತ್ತ ದವಾಖಾನಿಗೆ ತೋರಸು ಅಂದ್ರು."

"ತೆಲಿ ನೋಯ್ತಿತ್ತೇನು?"

"ಭಾಳ ದಿನದಿಂದ ನೋಯತೈತ್ರಿ. ಬಿಸಲಿಗೆ ಅಂತಿದ್ದೆ." ಆತ ತನ್ನ ತೋಳನ್ನು ಹೊಸದಾಗಿ ಬಂದ ವಸ್ತುವಿನ ಹಾಗೆ ನೋಡಿಕೊಂಡ. "ವರ್ಷಾ ವರ್ಷಾ ಪರೀಕ್ಷಾಕ್ಕ ಈ ಕೈ ಕೊಟ್ಟೇನ್ರಿ. ಎಲ್ಲಾ ಹುಡುಗೂರೂ ನೂರಾ ಇಪ್ಪತ್ತು ಎಂಬತ್ತು ಅಂತಿದ್ರು. ನಾ ಮನಿಯಾಕಿ ಮುಂದ ಹೇಳತಿದ್ದೆ, ನಂದು ಇಂಜಿನಿಯರ್ ಮಂದಿ ಪಾಸ್ ಮಾಡಿದ ಮೈ ಅಂತ." ನಕ್ಕ, ಆಮೇಲೆ ನಗು ನಿಲ್ಲಿಸಿದ. "ಬ್ಯಾರೆ ಹುಡುಗೂರನ್ನೆಲ್ಲಾ ವಾಪಸ್ ಕರ್ಯಾಕತ್ತಾರ್ರಿ ಈಗ. ಮುಂಜಾನಿಂದ ನೋಡಿದವ್ರನ್ನೆಲ್ಲಾ."

ಕೌಸರ ಬಂದಾಗ ಅವಳ ಹಣೆಯೆಲ್ಲ ಬೆವರಾಗಿತ್ತು.

"ನೂರಾ ಎಪ್ಪತ್ತಕ್ಕs ಟಪ್ ಅಂತ್ರಿ ಮೇಡಮ್. ಮುಂದಿನವ್ರೆಲ್ಲಾ ನೂರಾ ಇಪ್ಪತ್ತ ಅಂದಾರ, ನಾ ಒಬ್ಬಾಕಿ ಇದನ್ನ ಅಂದ್ರ ಮತ್ತ ಫೇಲ್ ಅನ್ನಿಸ್ತು. ಅವರು ಅಂದಿದ್ನ ಅಂದುಬಿಡಲೇನಂತ ಬಾಯಿಗೆ ಬಂದಿತ್ರಿ. ಮತ್ತೊಮ್ಮೆ ನೋಡಿದೆ. ಆಗೂ ಅದs ಬಂತು. ಕೇಳಿದ್ದs ಹೇಳಿದೆ."

"ಸರು ಏನಂದ್ರು?"

"ಆಮ್ಯಾಲೆ ಭಾಳ ಕೇಳಿದ್ರು. ಸೆನ್ಸರ್ ಎಲ್ಲೈತಿ, ಮಶೀನ ಕಿವಿ ಇಲ್ಲದs ಹ್ಯಾಂಗ ನೋಡತೈತಿ, ಎಲ್ಲಾ. ಹೇಳಿದೆ. ಕೊನೀಗೆ, ಮುಂದಿನ ವರ್ಷ ಪ್ರಾಜೆಕ್ಟ್ ಏನ ಮಾಡಾಕಿ ಅಂತ ಕೇಳಿದ್ರಿ." ಅಷ್ಟು ಹೇಳಿ ಅವಳು ಮುಖ ಮುಚ್ಚಿಕೊಂಡಳು. ಬೆರಳುಗಳ ಸಂದಿಯಿಂದ ನಗು ಹೊರಬರುತ್ತಿತ್ತು.

ಶಿವನಪ್ಪ ಈ ನಡುವೆ ಸುದ್ದಿ ಮುಟ್ಟಿಸಿ ಬಂದಿದ್ದ. ಗೇಟಿನ ಕಾವಲುಗಾರ ಬಂದ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವವನು ಬಂದ. ಕಸ ಹೊಡೆಯುವ ಮುದುಕವ್ವ ಕಸಬರಿಗೆಯನ್ನು ಮರಕ್ಕೆ ಆನಿಸಿ, "ನಂದೊಂದೀಟ ನೋಡ ನಮ್ಮವ್ವಾ, ಇವರದೆಲ್ಲಾ ಹಿಂದಾಗಡೆ," ಎಂದು ಎಲ್ಲರನ್ನೂ ಸರಿಸಿ ಕಟ್ಟೆಯ ಮೇಲೆ ಕೂತಳು.

ಕೌಸರ ಚೀಲದಿಂದ ಮಶೀನು ತೆಗೆದಳು. ತೆಗೆದು ಆರತಿಯ ಕೈಗಿಟ್ಟಳು. "ನೀವ ನೋಡ್ರಿ ಮೇಡಮ್. ನಂದು ಪರೀಕ್ಷಾ ಮುಗೀತು, ಈಗ ನಿಮ್ಮ ಪಾಳಿ."

ಮುದುಕವ್ವ ಕೈ ಚಾಚಿ, ಹಸಿರು ಬಳೆಗಳನ್ನು ಮೊಣಕೈ ತನಕ ದೂಡಲು ಹೋಗಿ, ಬರದೆ, ಒಂದೊಂದಾಗಿ ಕೆಳಗೆ ಮಣಿಕಟ್ಟಿಗೆ ಇಳಿಸಿಕೊಂಡಳು. ಆರತಿ ಆ ಒರಟು ತೋಳನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ನಾಡಿ ಹುಡುಕಿದಳು. ಪಟ್ಟಿ ಬಿಗಿದಳು. ನಳಿಗೆಗಳನ್ನು ಕಿವಿಗಿಟ್ಟುಕೊಂಡಾಗ ಬೇವಿನ ಎಲೆಗಳ ಸದ್ದು, ಹುಡುಗರ ಗದ್ದಲ, ರಸ್ತೆಯ ಬಸ್ಸುಗಳು, ಎಲ್ಲ ದೂರ ಸರಿದವು. ತಿರುಪನ್ನು ಮೆಲ್ಲಗೆ ಸಡಿಲಿಸಿ, ಅವಳು ಮುಳ್ಳಿನ ಮೇಲೆ ಕಣ್ಣಿಟ್ಟು ಕಾದಳು.